ಕಿವಿ ಕೇಳದ ಎಂಜಿನ್

ನೆರೆದೇಶದ ಮಲಾಕ್ಕಾಕ್ಕೆ ಹೊರಡುವ ಹಿಂದಿನ ದಿನವೇ ನಮ್ಮ ಎಸ್‌ಯುವಿಯಲ್ಲಿ ಎಂಜಿನ್ ದೀಪ ಹೊತ್ತಿಕೊಂಡಿತು. ಲಿಟಲ್ ಇಂಡಿಯಾ ಪೇಟೆಯಲ್ಲಿ ಜೋಳದ ಹಿಟ್ಟು, ಬದನೆಕಾಯಿ ಕೊಂಡು ಸೆರಂಗೂನಿನ ಮನೆಗೆ ಬರುತ್ತಿದ್ದೆವು. ಫ್ಲೈಓವರ್ ಏರುವಾಗ ಗಾಡಿ ಎಳೆಯಲೇ ಒಲ್ಲದು.

“ಟ್ರಿಪ್ ಕ್ಯಾನ್ಸಲ್ ಮಾಡೂಣು,” ಅಂದರು ನನ್ನ ಗಂಡ.

ಹಿಂದಿನ ಸೀಟಿನಲ್ಲಿದ್ದ ಅತ್ತೆಯ ಮುಖ ಸಪ್ಪಗಾಯಿತು. ಗದಗಿನಿಂದ ಬಂದಿದ್ದ ಅವರು, ಕಾರಿನಲ್ಲೇ ಸೇತುವೆ ದಾಟಿ ಇನ್ನೊಂದು ದೇಶಕ್ಕೆ ಹೋಗುವ ಸುದ್ದಿಯನ್ನು ಬೀಗರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದ್ದರು.

“ತಡೀರಿ, ಮೊದಲ ಏನಾಗೇದ ನೋಡೂಣು,” ಅಂದೆ.

ಆಸ್ಪತ್ರೆಯ ಯಂತ್ರಗಳಿಗೆ ಸರ್ಕ್ಯೂಟ್ ಡಿಸೈನ್ ಮಾಡುವುದು ನನ್ನ ಕೆಲಸ. ಕಾರಿನ ಬಾನೆಟ್ ಎತ್ತಿದ್ದು ಮಾತ್ರ ವೈಪರ್ ನೀರು ತುಂಬುವುದಕ್ಕಷ್ಟೇ. ಆದರೂ ಮನೆ ಪಕ್ಕದ ಮಲ್ಟಿ-ಸ್ಟೋರಿ ಕಾರ್‌ಪಾರ್ಕಿನಲ್ಲಿ ಗಾಡಿ ನಿಲ್ಲಿಸಿ, ಎಂದೋ ತರಿಸಿಟ್ಟಿದ್ದ, ಕಾರಿನ ದೋಷ ಓದುವ ಸ್ಕ್ಯಾನರನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದೆ. ಫೋನಿನಲ್ಲಿ ಕೋಡ್ ಮೂಡಿತು: ನಾಕ್ ಸೆನ್ಸರ್ ಸರ್ಕ್ಯೂಟ್.

“ಹಂಗಂದ್ರೇನವಾ?” ಅತ್ತೆ ಬಗ್ಗಿ ನೋಡಿದರು.

“ಎಂಜಿನ್‌ಗೆ ಅದು ಕಿವಿ ಇದ್ದಂಗ, ಅತ್ತಿ. ಒಳಗ ಪೆಟ್ರೋಲ್ ತಪ್ಪು ಹೊತ್ತಿಗೆ ಉರಿದು ಟಕಟಕ ಅಂದ್ರ, ಅದು ಕೇಳಿಸ್ಕೊಂಡು ಕಂಪ್ಯೂಟರಿಗೆ ಹೇಳ್ತದ. ಈಗ ಏನೂ ಕೇಳಸವಲ್ದು. ಅದಕ್ಕ ಕಂಪ್ಯೂಟರ್ ಹೆದರಿ ಗಾಡೀನ ನಿಧಾನ ಓಡಸ್ತದ.”

“ಸೆನ್ಸರ್ ಬದಲಿ ಮಾಡಿಸಿದ್ರಾತು,” ಎನ್ನುತ್ತ ನನ್ನ ಗಂಡ ವರ್ಕ್‌ಶಾಪಿಗೆ ಫೋನ್ ಮಾಡಿದರು. ಸೋಮವಾರದವರೆಗೆ ಪುರುಸೊತ್ತಿಲ್ಲವೆಂಬ ಉತ್ತರ ಬಂತು.

ಕೋಡ್ ಹೇಳಿದ್ದು ಸರ್ಕ್ಯೂಟ್ ಎಂದು. ಕೆಟ್ಟಿದ್ದು ಸೆನ್ಸರೋ, ಅದರ ವೈರೋ? ಇದು ನನಗೆ ಗೊತ್ತಿರುವ ಪ್ರಶ್ನೆ! ಮೈಯಲ್ಲಿ ಮಿಂಚು ಓಡಿದಂತಾಯಿತು. ಮನೆಗೆ ಓಡಿಹೋಗಿ ಮಲ್ಟಿಮೀಟರ್, ಟೂಲ್ ಬಾಕ್ಸ್ ತಂದೆ. ಎಂಜಿನ್ ತಣ್ಣಗಾಗುವವರೆಗೆ ಕಾಯುವುದೇ ಕಷ್ಟವಾಯಿತು. ಬ್ಯಾಟರಿ ಬಿಚ್ಚಿ, ಗಾಳಿಯ ಕೊಳವೆ ಸರಿಸಿ, ಮೊಣಕೈವರೆಗೆ ತೋಳು ಇಳಿಸಿ ಸೆನ್ಸರಿನ ಪ್ಲಗ್ ಕಿತ್ತೆ. ಮೀಟರಿನ ಎರಡು ವೈರುಗಳನ್ನು ಸೆನ್ಸರಿಗೆ ಜೋಡಿಸಿ, ಮೀಟರನ್ನು ಅತ್ತೆಯ ಕೈಗೆ ಕೊಟ್ಟೆ.

“ನಾ ಎಂಜಿನ್ ಮ್ಯಾಲೆ ಹಗೂರಕ ಬಡೀತೀನಿ. ನಂಬರ್ ಹಂದಾಡಿದ್ರ ಹೇಳ್ರಿ.”

ಸ್ಪ್ಯಾನರಿನಿಂದ ಟಕ್ ಅಂತ ತಟ್ಟಿದೆ.

“ಹಂದಾಡ್ತು!” ಅತ್ತೆಯ ಕೂಗಿಗೆ ಕಾರ್‌ಪಾರ್ಕೆಲ್ಲ ಗುಂಯ್‌ಗುಟ್ಟಿತು. “ಇನ್ನೊಮ್ಮೆ ಬಡಿ!”

ಮತ್ತೆ ತಟ್ಟಿದೆ. ಮತ್ತೆ ಹಂದಾಡಿತು. ಸೆನ್ಸರಿಗೆ ಜೀವ ಇತ್ತು! ಹಾಗಿದ್ದರೆ ತಪ್ಪು ವೈರಿನದೇ. ಟಾರ್ಚ್ ಹಿಡಿದುಕೊಳ್ಳಿ ಎಂದು ಗಂಡನಿಗೆ ಹೇಳಿದೆ. ಅವರು ಟಾರ್ಚಿನ ಜೊತೆ ತಲೆಯನ್ನೂ ಎಂಜಿನ್ನಿನೊಳಕ್ಕೆ ತೂರಿಸಿದರು. ವೈರನ್ನು ಬೆರಳಲ್ಲಿ ಸವರುತ್ತ ಹೋದೆ. ತಿರುವಿನಲ್ಲಿ ಏನೋ ಚುಚ್ಚಿತು. ಮೇಲಿನ ಪ್ಲಾಸ್ಟಿಕ್ ಹರಿದು, ತಾಮ್ರದ ಎಳೆಗಳು ಹೊರಬಿದ್ದಿದ್ದವು. ಪಕ್ಕದಲ್ಲೇ ಇಲಿಯ ಹಿಕ್ಕೆ.

“ಇಲ್ಲೂ ಇಲಿ ಅದಾವೇನು!” ಅತ್ತೆಗೆ ನಗು ತಡೆಯಲಾಗಲಿಲ್ಲ.

ಕಚ್ಚಿದ ತುಂಡನ್ನು ಕತ್ತರಿಸಿ, ಹೊಸ ವೈರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಬಿಗಿಯಾದ ಕವಚ ತೊಡಿಸಿದೆ. ಕೈಯೆಲ್ಲ ಗ್ರೀಸು, ಕುರ್ತಾ ಬೆವರಿನಿಂದ ತೊಯ್ದುಹೋಗಿತ್ತು. ಬ್ಯಾಟರಿ ಜೋಡಿಸಿ ಕೋಡ್ ಅಳಿಸಿದೆ. ದೀಪ ಆರಿತು. ಆದರೆ ಓಡಿಸಿ ನೋಡದೆ ನಂಬುವಂತಿರಲಿಲ್ಲ. ಮೂವರೂ ಹಾಗೇ ಹತ್ತಿ ಕೂತು ಎಕ್ಸ್‌ಪ್ರೆಸ್‌ವೇಗೆ ಹೊರಟೆವು. ಫ್ಲೈಓವರ್ ಬಂತು. ನನ್ನ ಗಂಡ ಆಕ್ಸಿಲರೇಟರ್ ಒತ್ತಿದರು. ಗಾಡಿ ಜುಂ ಎಂದು ಏರಿತು. ನಾನು ಡ್ಯಾಶ್‌ಬೋರ್ಡಿನಿಂದ ಕಣ್ಣೇ ಕೀಳಲಿಲ್ಲ. ದೀಪ ಹೊತ್ತಲಿಲ್ಲ.

“ಏ, ಎಳೀಲಿಕ್ಕತ್ತದ!” ಎಂದು ಅವರು ಸ್ಟಿಯರಿಂಗ್ ತಟ್ಟಿದರು. “ನನಗೂ ಆ ಮೀಟರ್ ಹಿಡಿಯೂದು ಕಲಸು.”

ಮರುದಿನ ಬೆಳಿಗ್ಗೆ ಸೇತುವೆ ದಾಟಿದೆವು. ಎರಡೂ ಕಡೆ ನೀರು ಹೊಳೆಯುತ್ತಿತ್ತು. ಅತ್ತೆ ಫೋನಿನಲ್ಲಿ ಬೀಗಿತ್ತಿಗೆ ಸಮುದ್ರದ ಮಾತು ಬಿಟ್ಟು, ನಂಬರ್ ಹೇಗೆ ಹಂದಾಡಿತು ಎಂಬುದನ್ನೇ ಹೇಳುತ್ತಿದ್ದರು.