ಏಳನೆಯ ಪಕ್ಕೆಲುಬಿನ ಉಬ್ಬು

ಒಳ್ಳೆಯದು ಮಾಡಲು ಹೋಗಿ ಕೆಡಿಸುವುದರಲ್ಲಿ ನನ್ನದು ಎತ್ತಿದ ಕೈ. ಪಾರ್ಸೆಲ್ ಆಫೀಸಿನವರು ಈ ಪ್ರತಿಭೆಗೆ ಸಂಬಳವನ್ನೂ ಕೊಡುತ್ತಾರೆ. ಪೆಟ್ಟಿಗೆ ತೂಗಿ ಚೀಟಿ ಅಂಟಿಸುವುದು ನನ್ನ ಕೆಲಸ. ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಇಪ್ಪತ್ತೆಂಟು ವರ್ಷ ಚೀಟಿ ಹರಿದವನು. ಬಂದರಿನ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದ ಮರದ ಹಡಗಿನ ಬಾಗಿಲಲ್ಲಿ ನಿಂತು ಟಿಕೆಟ್ಟಿನ ಅರ್ಧ ತಾನಿಟ್ಟುಕೊಂಡು ಅರ್ಧ ವಾಪಸು ಕೊಡುತ್ತಿದ್ದ. ಬೀದಿಯವರಿಗೆಲ್ಲ ಅವನು 'ಹರಕು ಚೀಟಿ'. ಅವನು ಹರಿದದ್ದನ್ನು ನಾನು ಅಂಟಿಸುತ್ತಿದ್ದೇನೆ ಎಂದು ಅಮ್ಮ ನಗುತ್ತಾಳೆ.

ಸೇತುವೆ ಬಂದ ಮೇಲೆ ಹಡಗನ್ನು ದಡಕ್ಕೆಳೆದು ಒಡೆದು ಹಾಕಿದರು. ಮಾವ ನೋಡಲು ಹೋಗಲಿಲ್ಲ. ಆ ವಾರವೆಲ್ಲ ಹಲ್ಲುನೋವು ಎಂದು ದವಡೆ ಹಿಡಿದು ಕೂತಿದ್ದ. ಮದುವೆಯಾಗದ ಅವನಿಗೆ ನಮ್ಮ ಮನೆಯ ಹಿಂದಿನ ಕೋಣೆಯೇ ಸಂಸಾರ. ಅಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಎರಡು ವರ್ಷದಿಂದ ಅದೇ ಹಡಗನ್ನು ಮೊಳದುದ್ದಕ್ಕೆ ಕಟ್ಟುತ್ತಿದ್ದಾನೆ. ನಕ್ಷೆಯಿಲ್ಲ, ಫೋಟೋ ಇಲ್ಲ. ಎಲ್ಲ ತಲೆಯಲ್ಲೇ. ನಾನೊಮ್ಮೆ ಬಾಯಿತಪ್ಪಿ 'ಲಾಂಚು' ಎಂದದ್ದಕ್ಕೆ, "ಹಡಗು ಅನ್ನು, ನಾಲಿಗೆ ಏನೂ ಸವೆಯಲ್ಲ" ಎಂದಿದ್ದ.

ಈಗ ಅದು ಅಸ್ಥಿಪಂಜರದ ಹಂತದಲ್ಲಿತ್ತು. ಒಂದು ಬೆನ್ನುಮರ, ಅದಕ್ಕೆ ಅಂಟಿಸಿದ ಹದಿಮೂರು ಪಕ್ಕೆಲುಬು. ಹೊರಮೈಗೆ ಹಲಗೆ ಹೊದಿಸುವ ಮುಂಚೆ ಪಕ್ಕೆಲುಬುಗಳ ಅಂಚನ್ನು ಓರೆಯಾಗಿ ಉಜ್ಜಿಕೊಳ್ಳಬೇಕು, ಇಲ್ಲವಾದರೆ ಹಲಗೆ ಕೂರುವುದಿಲ್ಲ. ಮಾವ ಕಲಿಸಿದ್ದು ಇಷ್ಟು: ಅಂಚಿಗೆ ಪೆನ್ಸಿಲ್ಲಿನ ಕಪ್ಪು ಬಳಿ, ಮರದ ತುಂಡಿಗೆ ಸುತ್ತಿದ ಪಾಲಿಶ್ ಪೇಪರಿನಲ್ಲಿ ಉಜ್ಜು, ಕಪ್ಪು ಎಲ್ಲಿ ಉಳಿದಿದೆ ನೋಡು. ಆಮೇಲೆ ತೆಳ್ಳನೆಯ ಪಟ್ಟಿಯೊಂದನ್ನು ತುದಿಯಿಂದ ತುದಿಗೆ ಒರಗಿಸು. ಅದು ಎಲ್ಲ ಪಕ್ಕೆಲುಬನ್ನೂ ಮುಟ್ಟಿಕೊಂಡು ಮಲಗಿದರೆ ಸರಿ.

"ಕಣ್ಣು ನಂಬಬೇಡ. ಪಟ್ಟಿ ನಂಬು."

ಭಾನುವಾರ ಬೆಳಿಗ್ಗೆ ಮಾವ ಕಣ್ಣು ತೋರಿಸಲು ಹೋದ. ಹಡಗಿನ ಮೂತಿಯ ಕಡೆಯ ಎರಡು ಪಕ್ಕೆಲುಬು ಉಜ್ಜಿಡು ಎಂದಿದ್ದ. ಉಜ್ಜಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಪಟ್ಟಿ ಒರಗಿಸಿ ನೋಡಿದೆ. ಎಡಮಗ್ಗುಲಲ್ಲಿ, ಏಳನೆಯ ಪಕ್ಕೆಲುಬಿನ ಮೇಲೆ ಅದು ಏತದ ಹಾಗೆ ಆಡುತ್ತಿತ್ತು. ಅಲ್ಲಿ ಅಕ್ಕಿಕಾಳಿನಷ್ಟು ಉಬ್ಬು. ಪಾಪ, ಮಾವನಿಗೆ ಕಣ್ಣು ಸಾಲದು ಎಂದುಕೊಂಡು ಹತ್ತು ನಿಮಿಷ ಉಜ್ಜಿದೆ. ಪಟ್ಟಿ ಸಾಧುವಾಗಿ ಮಲಗಿತು. ಶಹಭಾಸ್‌ಗಿರಿಗೆ ಕಾದು ಕೂತೆ.

ಮಾವ ಬಂದವನೇ ಚಪ್ಪಲಿ ಬಿಟ್ಟು, ಅಭ್ಯಾಸದಂತೆ ಹಡಗಿನ ಮಗ್ಗುಲಿಗೆ ಬೆರಳಾಡಿಸಿದ. ಏಳರಲ್ಲಿ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

"ಇಲ್ಲಿದ್ದದ್ದು ಎಲ್ಲಿ?"

"ಆ ಉಬ್ಬಾ? ತೆಗೆದೆ. ಪಟ್ಟಿ ಕೂರ್ತಾ ಇರಲಿಲ್ಲ. ನೀನೇ ಹೇಳಿದ್ದೆ ಅಲ್ವಾ ಮಾವ, ಪಟ್ಟಿ ನಂಬು ಅಂತ."

ಮಾವ ಸ್ಟೂಲಿನ ಮೇಲೆ ಕೂತ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಏನಂತೆ? ಸಾಹೇಬ್ರು ಏನು ಕಡಿದು ಗುಡ್ಡೆ ಹಾಕಿದ್ರು?"

"ಏನಿಲ್ಲ ಅಕ್ಕ. ಹಡಗು ಚೆನ್ನಾಗೇ ಬಂದಿದೆ. ಬೇರೆ ಯಾವುದೋ ಹಡಗು."

ಆಮೇಲೆ ನಿಧಾನವಾಗಿ ಹೇಳಿದ. ಹಡಗು ಒಮ್ಮೆ ಕಟ್ಟೆಗೆ ಬಡಿದು ಎಡಮಗ್ಗುಲಿನ ಪಕ್ಕೆಲುಬು ಮುರಿದಿತ್ತು. ಬಡಗಿ ಹೊಸದು ಕೂರಿಸಿದ. ಅದು ಕೊಂಚ ಹೊರಗೇ ನಿಂತಿತು. ಹತ್ತಿಳಿಯುವ ಬಾಗಿಲಿನ ಪಕ್ಕದಲ್ಲೇ ಹಲಗೆ ಉಬ್ಬಿಕೊಂಡಿತ್ತು.

"ಒಬ್ಬರು ಇಳಿಯುವಾಗ ಅಲ್ಲಿ ಕೈಯಿಟ್ಟು ಇಳೀತಿದ್ರು. ಬೆಳಿಗ್ಗೆ ಎಂಟೂಕಾಲಿಗೆ ಆ ದಡ, ಸಂಜೆ ಐದೂವರೆಗೆ ಈ ದಡ. ಒಂಬತ್ತು ವರ್ಷ. ಅಲ್ಲಿ ಬಣ್ಣ ಸವೆದೇ ಹೋಗಿತ್ತು."

"ಯಾರೋ ಅದು?" ಅಮ್ಮ ಹೊಸಿಲಲ್ಲೇ ಕೂತುಬಿಟ್ಟಳು.

"ಟೆಲಿಫೋನ್ ಆಫೀಸಲ್ಲಿ ಕೆಲಸ."

"ಹೆಸರು?"

"ಟಿಕೆಟ್ ಮೇಲೆ ಹೆಸರು ಬರೆಯಲ್ಲ ಅಕ್ಕ."

"ಒಂಬತ್ತು ವರ್ಷ ಮಾತೂ ಆಡಲಿಲ್ವಾ?"

"ಆಡಿದ್ದೀನಿ. 'ಹುಷಾರು, ಒದ್ದೆ ಇದೆ' ಅಂತ. ಅವರು 'ಹೂಂ' ಅಂತಿದ್ರು."

"ಹಾಗಾದ್ರೆ ನಾನು ಹುಡುಗಿ ನೋಡೋಣ ಅಂದಾಗೆಲ್ಲ ಹಲ್ಲುನೋವು ಅಂತಿದ್ದದ್ದು..."

"ಒಂದೆರಡು ಸಲ ನಿಜವಾಗ್ಲೂ ನೋವಿತ್ತು."

ಅಮ್ಮ ನಗಲಿಲ್ಲ. ನಾಲ್ಕು ತಿಂಗಳಿಂದ ಮೊಬೈಲಿನಲ್ಲಿ ಒಬ್ಬಳಿಗೆ ಒಂದೇ ಮೆಸೇಜು ಬರೆದು, ಕಳಿಸದೆ ಅಳಿಸುತ್ತಿರುವ ನನಗಂತೂ ನಗುವ ಹಕ್ಕೇ ಇರಲಿಲ್ಲ.

"ವರ್ಗ ಆಯ್ತು ಅವರಿಗೆ," ಎಂದ ಮಾವ. "ಕೊನೇ ದಿನ, 'ಇವತ್ತು ಹರಿಯಬೇಡಿ' ಅಂದ್ರು. ಇಡೀ ಟಿಕೆಟ್ ತಗೊಂಡು ಇಳಿದು ಹೋದ್ರು."

ಊಟವಾದ ಮೇಲೆ ನಾನು ಉಳಿದ ಮರದಿಂದ ಉಗುರಿನಷ್ಟು ತೆಳುವಾದ ಚೂರು ಸೀಳಿ ಏಳನೆಯ ಪಕ್ಕೆಲುಬಿನ ಅಂಚಿಗೆ ಅಂಟಿಸಿ, ಬಟ್ಟೆ ಕ್ಲಿಪ್ ಹಾಕಿ ಒಣಗಲು ಬಿಟ್ಟೆ. ಸಂಜೆಗೆ ಉಜ್ಜಲು ಶುರು ಮಾಡಿದೆ. ಮಾವ ಕಣ್ಣು ಮುಚ್ಚಿ ಬೆರಳಿಡುತ್ತಿದ್ದ. "ಇನ್ನೂ ಜಾಸ್ತಿ ಇದೆ." ಉಜ್ಜಿದೆ. "ಇನ್ನೊಂದು ಚೂರು." ಮತ್ತೆ ಉಜ್ಜಿದೆ.

"ಸಾಕು, ನಿಲ್ಲಿಸು."

"ಅವರು ಕೈಯಿಡ್ತಿದ್ದ ಜಾಗ ನಿನ್ನ ಬೆರಳಿಗೆ ಹೇಗೆ ಗೊತ್ತು ಮಾವ?"

"ಅವರು ಹೋದ ಮೇಲೆ ನಾನಿಡ್ತಿದ್ದೆ. ಹಡಗು ನಿಲ್ಲೋವರೆಗೂ."

ಪಟ್ಟಿ ಒರಗಿಸಿದೆ. ಅದು ಮತ್ತೆ ಏತದ ಹಾಗೆ ಆಡಿತು. ಸುಮ್ಮನಿರಲಾರದೆ ನಾನೊಂದು ಲೆಕ್ಕ ಹೇಳಿದೆ: "ದೊಡ್ಡ ಹಡಗನ್ನ ಈ ಅಳತೆಗೆ ಇಳಿಸಿದ್ರೆ ಉಬ್ಬು ಕೂದಲಷ್ಟಿರಬೇಕು. ಇದು ತುಂಬಾ ಆಯ್ತು."

"ಕೈಗೆ ಇಷ್ಟಿತ್ತು," ಎಂದ.

ಮೊದಲನೆಯ ಹಲಗೆಯನ್ನು ನೆನೆಹಾಕಲು ಹೇಳಿದ. ಬಾಗಿಸುವಷ್ಟು ಮೆತ್ತಗಾಗಲು ಅರ್ಧ ಗಂಟೆ ಬೇಕು. ತಟ್ಟೆಗೆ ನೀರು ಸುರಿದು ಹಲಗೆ ಮುಳುಗಿಸಿ ತಿರುಗಿದರೆ, ಮಾವನ ಬೆರಳು ಇನ್ನೂ ಅಲ್ಲೇ ಇತ್ತು. ಹಲಗೆ ನೆನೆದ ಮೇಲೂ ಸ್ವಲ್ಪ ಹೊತ್ತು ನಾನು ಅವನಿಗೆ ಹೇಳಲಿಲ್ಲ.