ಚಕ್ರದ ಕಿವಿ

ಮಧುಗಿರಿಯಿಂದ ಪಾವಗಡದವರೆಗೆ ಯಾವ ಜೀಪು ಕೆಮ್ಮಿದರೂ ಕೂತಲ್ಲೇ ರೋಗ ಹೇಳುವವನು ನಾನೊಬ್ಬನೇ. ಇವತ್ತು ಗ್ಯಾರೇಜಿನಿಂದ ಬಂದ ನನ್ನ ಹಳೇ ಜೀಪಿನ ಗೇರ್ ಆಯಿಲ್ ವಾಸನೆಗೆ ಹುಲಿಕುಂಟೆಯ ದೊಡ್ಡಪ್ಪ ನೆನಪಾದರು.

ಅವರು ತಮ್ಮ ಜೀಪನ್ನು ಅಂಗಳದಲ್ಲೇ ಬಿಚ್ಚಿ, ನಟ್ಟುಗಳನ್ನು ಮೊರದಲ್ಲಿ ಸಾಲಾಗಿ ಜೋಡಿಸುತ್ತಿದ್ದರು.

"ಮೊರಕ್ಕೂ ಗ್ರೀಸ್ ಬಳಿದ್ಬುಟ್ರಲ್ಲ, ರಾಗಿ ಹೆಂಗೆ ಕೇರ್ಲಿ?" ಎಂದು ದೊಡ್ಡಮ್ಮ ರೇಗುತ್ತಿದ್ದರು.

ಒಮ್ಮೆ ನಾನು ಓಡಿಸುತ್ತಿದ್ದಾಗ ಆ ಜೀಪು ಕೆರೆಯ ಮರಳಲ್ಲಿ ಹೂತುಹೋಯಿತು. ನಾಲ್ಕೂ ಚಕ್ರ ಎಳೆಯಲೆಂದು ಪಕ್ಕದ ಸಣ್ಣ ಗೇರು ಕಡ್ಡಿ ಜಗ್ಗಿದೆ; ಮುಂದಿನವು ಅಲುಗಲಿಲ್ಲ. ದೊಡ್ಡಪ್ಪ ಇಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇದ್ದ, ಚಕ್ರವನ್ನು ಅಚ್ಚಿಗೆ ಕಚ್ಚಿಸುವ ಬಿಲ್ಲೆಯನ್ನು ಕೈಯಿಂದ ತಿರುಗಿಸಿದರು. ಆಮೇಲೆ ನನ್ನ ಕಿವಿಯನ್ನೂ ತಿರುಗಿಸಿದರು.

"ಮೊದ್ಲು ಚಕ್ರದ ಕಿವಿ ಹಿಂಡ್ಬೇಕು, ಆಮ್ಯಾಕೆ ಗೇರು. ಮರೀಬ್ಯಾಡ ಕಣ್ಲಾ!"

ಜೀಪು ಎದ್ದು ಬಂತು. ಚಕ್ರದ ತಪ್ಪಿಗೆ ನನ್ನ ಕಿವಿ ಯಾಕೆ ಹಿಂಡಬೇಕಿತ್ತು ಎಂಬ ಸಿಟ್ಟು ಇನ್ನೂ ಆರಿಲ್ಲ.

ಅದಕ್ಕಿಂತ ದೊಡ್ಡ ಸಿಟ್ಟು ಇವತ್ತಿನದು. ಮುಂದಿನ ಚಕ್ರ ಎಳೆಯುತ್ತಿಲ್ಲ ಎಂದು ಜೀಪು ಒಯ್ದರೆ, ಗ್ಯಾರೇಜಿನ ಮೆಕ್ಯಾನಿಕ್ ಮಹಾಶಯ "ಗೇರ್ ಬಾಕ್ಸೇ ಹೋಗೈತೆ ಕಣಣ್ಣ" ಎಂದು ಪೂರ್ತಿ ಬಿಚ್ಚಿ ಕಟ್ಟಿದ. ಮನೆಗೆ ತಂದರೂ ಅದೇ ಕಥೆ! ಆಗ ನನ್ನ ಕಿವಿ ಚುರುಗುಟ್ಟಿತು. ಕುಕ್ಕರಗಾಲಲ್ಲಿ ಕೂತು ಎರಡೂ ಬಿಲ್ಲೆ ತಿರುಗಿಸಿದೆ. ಎಳೆಯಿತು.

ಮನೆಯವಳಿಗೆ ಎರಡು ಸಾವಿರ ಅಂದಿದ್ದೇನೆ. ಹೋಗಿದ್ದು ಹದಿನೆಂಟು ಸಾವಿರದ ಐನೂರು.