ತಗಡಿನ ಮೇಲೆ ನಾನೆಳೆದ ಗೀಟು

ತಗಡಿನಲ್ಲಿ ಚಿತ್ರ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆಯುವ ಅಚ್ಚುಚಿತ್ರವನ್ನು ನನಗೆ ಕಲಿಸಿದ ಮೇಷ್ಟ್ರು ಹಾಸನದಲ್ಲಿ ಆ ಕೆಲಸ ಶುರು ಮಾಡಿದಾಗ ಊರಲ್ಲಿ ಯಾರಿಗೂ ಅದರ ತಲೆಬುಡ ಗೊತ್ತಿರಲಿಲ್ಲವಂತೆ. ಹೊಳೆನರಸೀಪುರದ ಕಡೆ ಮೂಲೆಗೆ ಬಿದ್ದಿದ್ದ ಕಬ್ಬಿನ ಗಾಣದ ಉರುಳೆಗಳನ್ನು ತಂದು, ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸಿಕೊಂಡರು. “ಏನ್ ಸಾ, ಕಾಗ್ದ ಇಂಡಿ ಆಲು ತೆಗೀತೀರಾ?” ಎಂದು ಅಂಗಡಿಯವನು ರೇಗಿಸಿದ್ದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಇವತ್ತು ಈ ಸುತ್ತಿನಲ್ಲಿ ಅಚ್ಚುಚಿತ್ರ ಮಾಡುವವರೆಲ್ಲ ಆ ಪ್ರೆಸ್ಸಿನ ಹಿಡಿ ತಿರುಗಿಸಿದವರೇ.

ಅವರದೊಂದು ಕಟ್ಟುನಿಟ್ಟು. ಇಪ್ಪತ್ತು ಪ್ರತಿ ಎಂದರೆ ಇಪ್ಪತ್ತೇ. ಆಮೇಲೆ ಚಿತ್ರ ಕೊರೆದ ತಗಡಿನ ಮೇಲೆ ಮೂಲೆಯಿಂದ ಮೂಲೆಗೆ ಮೊಳೆಯಲ್ಲಿ ಗೀಟು ಎಳೆಯಬೇಕು. ಮತ್ತೆ ಯಾರೂ ಅದರಿಂದ ಅಚ್ಚು ತೆಗೆಯಬಾರದು.

ಕಣ್ಣಿನ ಆಪರೇಷನ್ ಆದಾಗ ಸ್ಟುಡಿಯೋ ಬೀಗದ ಕೈ ನನಗೆ ಕೊಟ್ಟು, “ಮುಗ್ದಿರೋವಕ್ಕೆ ಗೀಟು ಹಾಕಿ ಜೋಡಿಸಿಬಿಡಮ್ಮ” ಅಂದರು. ನನಗೋ ಹಿರಿಯ ಶಿಷ್ಯೆ ಎಂಬ ಜಂಬ. ಒಂದು ತಗಡಿನ ಗೆರೆಗಳಲ್ಲಿ ಮಸಿ ಒಣಗಿದ್ದನ್ನು ನೋಡಿ ಇದೂ ಮುಗಿದಿದೆ ಅಂದುಕೊಂಡು ಎಳೆದೇಬಿಟ್ಟೆ. ಒಂದು ಮಾತು ಕೇಳಲಿಲ್ಲ. ಅದು ತೀರಿಹೋದ ಅವರ ಹೆಂಡತಿಯ ಮುಖ. ಆಕೆ ಕಾಯಿಲೆಯಲ್ಲಿ ಮಲಗಿದ್ದಾಗ ಎದುರಿಗೆ ಕೂತು ಕೊರೆದದ್ದು. ಮಸಿ ಹಾಕಿ ನೋಡಿದ್ದರಷ್ಟೇ, ಸರಿಯಾದ ಒಂದು ಪ್ರತಿಯೂ ತೆಗೆದಿರಲಿಲ್ಲ.

ಮೇಷ್ಟ್ರು ಬಂದು ಗೀಟಿನ ಮೇಲೆ ಬೆರಳಾಡಿಸಿದರು. “ಇದು ಮುಗ್ದಿರ್ಲಿಲ್ವಲ್ಲಮ್ಮ” ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೀಟು ಆಳಕ್ಕಿಳಿದಿತ್ತು, ಉಜ್ಜಿದರೆ ಮುಖವೂ ಅಳಿಸಿಹೋಗುತ್ತಿತ್ತು. ಹಾಗೇ ಅಚ್ಚು ತೆಗೆದರು.

ಅದನ್ನು ಪ್ರದರ್ಶನಕ್ಕಿಟ್ಟಾಗ ಯಾರೋ ಈ ಗೀಟು ಯಾಕೆ ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. “ನಾನೇ ಎಳೆದಿದ್ದು” ಅಂದರು ಮೇಷ್ಟ್ರು. ದುಃಖಕ್ಕೆ ಬಾಯಿ ಕಟ್ಟಿತ್ತು ಅಂದರೆ ಸುಳ್ಳಾದೀತು. ಸದ್ಯ ಬಚಾವಾದೆ ಅನ್ನಿಸಿತ್ತು. ಅದಕ್ಕೇ ಸುಮ್ಮನಿದ್ದೆ.

ಮೇಷ್ಟ್ರು ತೀರಿಕೊಂಡು ಆರು ತಿಂಗಳಾಯಿತು. ಮೊನ್ನೆ ಅವರ ಮಗಳು ಅರಕಲಗೂಡಿನಿಂದ ಆ ಚಿತ್ರ ಹಿಡಿದುಕೊಂಡು, ನಾನು ಡ್ರಾಯಿಂಗ್ ಹೇಳಿಕೊಡುವ ಚನ್ನರಾಯಪಟ್ಟಣದ ಶಾಲೆಗೆ ಬಂದರು.

“ಅವ್ವನ್ ಮಕದ್ ಮ್ಯಾಲೆ ಇಂಗೆ ಗೀಟಾಕವ್ರಲ್ಲ, ಅಪ್ಪಂಗೆ ಅವ್ವನ್ ಕಂಡ್ರೆ ಅಷ್ಟು ಸಿಟ್ಟಿತ್ತಾ? ನಿನ್ ತಾವ ಏನಾರ ಯೋಳಿದ್ರಾ?”

“ಗೊತ್ತಿಲ್ಲ ಕಣಕ್ಕ” ಅಂದುಬಿಟ್ಟೆ.

“ಗ್ವಾಡೆಗೆ ಆಕಕ್ಕೆ ನಂಗೆ ಮನ್ಸು ಬರಾಕಿಲ್ಲ. ನೀನೇ ಮಡಿಕ” ಎಂದು ತಮ್ಮ ಅವ್ವನ ಮುಖವನ್ನು ನನ್ನ ಕೈಗೆ ಕೊಟ್ಟರು. ನಾನು ಈಸಿಕೊಂಡೆ.